ಕಿವಿಯಿಲ್ಲದ ತೀರ್ಪುಗಾರ

ನಮ್ಮ ಚರ್ಚಾಸ್ಪರ್ಧೆಗಳ ಆಹ್ವಾನ ಪತ್ರಿಕೆಯ ಕೊನೆಯಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: ತೀರ್ಪುಗಾರರ ತೀರ್ಮಾನವೇ ಅಂತಿಮ. ಕಾಲೇಜು ಬದಲಾಗಬಹುದು, ವಿಷಯ ಬದಲಾಗಬಹುದು, ಬಹುಮಾನದ ಮೊತ್ತ ಬದಲಾಗಬಹುದು. ಈ ಸಾಲು ಬದಲಾಗುವುದಿಲ್ಲ. ತೀರ್ಪು ಯಾವತ್ತೂ ಸರಿಯಾಗಿರುತ್ತದೆ ಎಂದು ಅದರ ಅರ್ಥವಲ್ಲ. ಸರಿಯೋ ತಪ್ಪೋ, ಅದನ್ನು ಕೊಟ್ಟವರು ಎದುರಿಗೇ ಕೂತಿದ್ದಾರೆ, ಅದರ ಹೊಣೆ ಅವರದು ಎಂದು ಅರ್ಥ. ಈಗ ಆ ಹೊಣೆಯನ್ನು ಮೆಲ್ಲಗೆ ಕೆಳಗಿಳಿಸಲು ಒಂದು ದಾರಿ ಸಿಕ್ಕಿದೆ. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ತಂತ್ರಾಂಶದಿಂದ ಅದನ್ನು ಬರಹಕ್ಕಿಳಿಸಿ, ಆ ಬರಹವನ್ನು ಚಾಟ್‌ಜಿಪಿಟಿಯಂಥದ್ದಕ್ಕೆ ಕೊಟ್ಟು ‘ಯಾರು ಗೆದ್ದರು, ಯಾಕೆ’ ಎಂದು ಕೇಳಿದರಾಯಿತು. ಅರ್ಧ ನಿಮಿಷದಲ್ಲಿ ಅಚ್ಚುಕಟ್ಟಾದ ತೀರ್ಪು ಸಿದ್ಧ. “ಇದು ಸಹಾಯಕ್ಕೆ ಮಾತ್ರ, ನಿರ್ಧಾರ ನಮ್ಮದೇ” ಎನ್ನುತ್ತಾರೆ ಇದರ ಪರವಾಗಿರುವವರು. ನನ್ನ ತಕರಾರು ಇರುವುದು ಈ ‘ಮಾತ್ರ’ದ ಬಗ್ಗೆಯೇ.

ತಂತ್ರಾಂಶದ ಹೆಸರು ಕೇಳಿದೊಡನೆ ಸಿಡುಕುವ ಪೈಕಿ ಅಲ್ಲ ನಾನು. ಬ್ರಿಟಿಷ್ ಪಾರ್ಲಿಮೆಂಟರಿ ಎಂಬ ಮಾದರಿಯಲ್ಲಿ ಒಂದು ಸುತ್ತಿಗೆ ನಾಲ್ಕು ತಂಡ, ತಂಡಕ್ಕೆ ಇಬ್ಬರು. ವಿಷಯ ಗೊತ್ತಾದ ಮೇಲೆ ತಯಾರಿಗೆ 15 ನಿಮಿಷ, ಮಾತಿಗೆ 7 ನಿಮಿಷ. ಬೆಂಗಳೂರಿನ ಕಾನೂನು ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಗೊತ್ತು. ವಿಶ್ವವಿದ್ಯಾಲಯಗಳ ವಿಶ್ವ ಚರ್ಚಾ ಚಾಂಪಿಯನ್‌ಷಿಪ್ ನಡೆಯುವುದೂ ಇದೇ ಮಾದರಿಯಲ್ಲಿ. 2014ರಲ್ಲಿ ಅದು ಚೆನ್ನೈಗೂ ಬಂದಿತ್ತು. ನೂರಾರು ತಂಡಗಳಿರುವ ಕಡೆ ಪ್ರತಿ ಸುತ್ತಿನ ನಂತರ ಹೆಚ್ಚುಕಡಿಮೆ ಸಮಾನ ಅಂಕದವರನ್ನು ಒಂದೇ ಕೋಣೆಗೆ ಸೇರಿಸಬೇಕು, ತೀರ್ಪುಗಾರರು ತಮ್ಮದೇ ಕಾಲೇಜಿನ ತಂಡದೆದುರು ಕೂರದಂತೆ ನೋಡಿಕೊಳ್ಳಬೇಕು. ಟ್ಯಾಬಿಕ್ಯಾಟ್ ಎಂಬ ಮುಕ್ತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಟ್ಯಾಬ್‌ರೂಮ್ ಇದೆ. ಕೂಡುವ ಕಳೆಯುವ ಲೆಕ್ಕ ಯಂತ್ರದ್ದೇ ಆಗಲಿ, ನನಗೆ ಸಂತೋಷ. ಅಂಕ ಕೂಡುವಾಗ ಏಳು ಒಂದಾಗಿ ಬಹುಮಾನ ಬೇರೆಯವರ ಪಾಲಾಗುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಆದರೆ ಕೋಣೆಯ ಬಾಗಿಲು ಮುಚ್ಚಿ ಮೊದಲ ಭಾಷಣಕಾರ ಎದ್ದು ನಿಂತ ಮೇಲೆ ನಡೆಯುವುದು ಬೇರೆಯೇ ಕೆಲಸ. ಒಳ್ಳೆಯ ತೀರ್ಪುಗಾರರ ಮುಂದಿನ ಹಾಳೆಯನ್ನು ನೋಡಿದ್ದೀರಾ? ಒಬ್ಬೊಬ್ಬರಿಗೆ ಒಂದೊಂದು ಕಂಬಸಾಲು. ಇವರು ಹೇಳಿದ್ದು ಇಲ್ಲಿ, ಅವರು ಅದಕ್ಕೆ ಕೊಟ್ಟ ಉತ್ತರ ಪಕ್ಕದಲ್ಲಿ, ನಡುವೆ ಒಂದು ಬಾಣದ ಗುರುತು. ಉತ್ತರವೇ ಬಾರದ ಕಡೆ ಖಾಲಿ ಜಾಗ, ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಇಂಗ್ಲಿಷ್ ಚರ್ಚಾಲೋಕದಲ್ಲಿ ಇದನ್ನು ಫ್ಲೋ ಎನ್ನುತ್ತಾರೆ. ನೋಡುವವರಿಗೆ ಕಾಗೆ ಕಾಲು ಗುಬ್ಬಿ ಕಾಲು. ಆದರೆ ಆ ಕೋಣೆಯಲ್ಲಿ ನಡೆಯುವ ಕೇಳುವಿಕೆಯೆಲ್ಲ ಆ ಹಾಳೆಯಲ್ಲೇ ಇದೆ. ಬರೆದುಕೊಳ್ಳುವಾಗ ಕೈ ಆಯ್ಕೆ ಮಾಡುತ್ತದೆ: ಇದು ವಾದ, ಇದು ಬರೀ ಅಲಂಕಾರ, ಇದು ಹಿಂದೆ ಹೇಳಿದ್ದರ ಮರುಮಾತು. ರೆಕಾರ್ಡಿಂಗ್ ಓಡುತ್ತಿದೆ, ಆಮೇಲೆ ಸಾರಾಂಶ ಬರುತ್ತದೆ ಎಂದು ಗೊತ್ತಿದ್ದವರ ಕೈ ಬರೆಯುವುದನ್ನು ನಿಲ್ಲಿಸುತ್ತದೆ. ಕೈ ನಿಂತ ಸ್ವಲ್ಪ ಹೊತ್ತಿಗೆ ಕಿವಿಯೂ ನಿಲ್ಲುತ್ತದೆ. ಆಮೇಲೆ ತೆರೆಯ ಮೇಲೆ ಸಿದ್ಧ ತೀರ್ಪೊಂದು ಮೂಡಿದರೆ ಅದನ್ನು ಅಲ್ಲಗಳೆಯಲು ಅವರ ಹತ್ತಿರ ಏನಿದೆ? ತಾವು ಕೇಳಿಸಿಕೊಂಡಿದ್ದು ಇದ್ದರೆ ತಾನೆ ಅಲ್ಲಗಳೆಯುವುದು.

ಅಮೆರಿಕದ ‘ಪಾಲಿಸಿ’ ಚರ್ಚೆಗಳಲ್ಲಿ ಇದರ ಮೊದಲ ಕಂತು ಈಗಾಗಲೇ ನಡೆದುಹೋಗಿದೆ. ಅಲ್ಲಿ ವಿದ್ಯಾರ್ಥಿಗಳು ತಾವು ಓದಲಿರುವ ಪುರಾವೆಗಳ ಕಡತವನ್ನು ಮಾತಿಗೆ ಮುಂಚೆಯೇ ಎದುರಾಳಿಗೂ ತೀರ್ಪುಗಾರರಿಗೂ ಇಮೇಲ್ ಮಾಡುತ್ತಾರೆ. ಪರಿಶೀಲನೆಗೆ ಅನುಕೂಲ, ನಿಜ. ಆದರೆ ಕಡತ ಎದುರಿಗಿದ್ದಾಗ ಕೇಳುವುದೇಕೆ, ಓದಿಕೊಂಡರಾಯಿತಲ್ಲ? ಹೀಗಾಗಿಯೇ ಅಲ್ಲಿನ ಅನೇಕ ತೀರ್ಪುಗಾರರು ಟ್ಯಾಬ್‌ರೂಮಿನಲ್ಲಿ ತಮ್ಮ ಪರಿಚಯದ ಜೊತೆಗೇ ಒಂದು ಎಚ್ಚರಿಕೆ ಬರೆದಿಟ್ಟಿರುತ್ತಾರೆ: ನಿಮ್ಮ ಕಡತದಲ್ಲಿ ಏನಿದೆ ಎನ್ನುವುದು ನನಗೆ ಬೇಡ, ನಿಮ್ಮ ಬಾಯಿಂದ ನನಗೆ ಕೇಳಿಸಿದ್ದನ್ನಷ್ಟೇ ಬರೆದುಕೊಳ್ಳುತ್ತೇನೆ. ಕೇಳಿಸಿಕೊಳ್ಳುತ್ತೇನೆ ಎಂದು ತೀರ್ಪುಗಾರರೇ ಮುಚ್ಚಳಿಕೆ ಬರೆದುಕೊಡಬೇಕಾದ ಸ್ಥಿತಿ!

ಇನ್ನು ಮಾತನ್ನು ಬರಹಕ್ಕಿಳಿಸುವ ಸಂಗತಿ. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದೂ ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದರು. ಅಮೆರಿಕದ ಬಿಳಿಯರ ಇಂಗ್ಲಿಷನ್ನು ಬರೆದುಕೊಳ್ಳುವಾಗ ನೂರು ಪದಕ್ಕೆ ಸರಾಸರಿ 19 ತಪ್ಪು, ಕರಿಯರ ಇಂಗ್ಲಿಷಿಗೆ 35. ಇದು ಇಂಗ್ಲಿಷಿನ ಕಥೆ, ಅದೂ ಆ ಕಂಪನಿಗಳ ಸ್ವಂತ ಊರಿನಲ್ಲಿ. ತಂತ್ರಾಂಶ ಅಲ್ಲಿಂದೀಚೆಗೆ ಸುಧಾರಿಸಿದೆ ಎನ್ನುತ್ತೀರಿ, ಸುಧಾರಿಸಿರಲಿ. ಕುಂದಾಪುರದ ಹುಡುಗಿ ಆವೇಶದಲ್ಲಿ ತನ್ನ ಮನೆಮಾತಿಗೆ ಜಾರಿದಾಗ, ಕಲಬುರಗಿಯ ಹುಡುಗ ನಡುವೆ ಒಂದು ಉರ್ದು ಪದ ಎಳೆದು ತಂದಾಗ ಏನಾಗುತ್ತದೆ? ಪದ ತಪ್ಪಿದರೆ ವಾದ ತಪ್ಪುತ್ತದೆ, ಒಂದು ‘ಇಲ್ಲ’ ಬಿಟ್ಟುಹೋದರೆ ಪರ ವಿರೋಧವಾಗುತ್ತದೆ. ಕೇಳಿಸದೇ ಹೋದಾಗ ಮನುಷ್ಯರು ಹುಬ್ಬು ಗಂಟಿಕ್ಕುತ್ತಾರೆ, ಭಾಷಣಕಾರರಿಗೆ ಅದು ಕಾಣುತ್ತದೆ, ಅವರು ಮತ್ತೊಮ್ಮೆ ಹೇಳುತ್ತಾರೆ. ಫೋನು ಹುಬ್ಬು ಗಂಟಿಕ್ಕುವುದಿಲ್ಲ.

ಯಂತ್ರದ ತೀರ್ಪನ್ನೇ ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. 2023ರಲ್ಲಿ ಬರ್ಕ್ಲಿಯ ಸಂಶೋಧಕರೂ ಇದ್ದ ಒಂದು ಗುಂಪು, ಎರಡು ಉತ್ತರಗಳಲ್ಲಿ ಯಾವುದು ಮೇಲು ಎಂದು ಭಾಷಾ ಮಾದರಿಗಳಿಂದ ತೀರ್ಪು ಹೇಳಿಸಿತು. ಜಿಪಿಟಿ-4ರ ತೀರ್ಪು ಮನುಷ್ಯರ ತೀರ್ಪಿಗೆ ಶೇಕಡಾ 80ಕ್ಕೂ ಹೆಚ್ಚು ಸಲ ಹೊಂದಿಕೆಯಾಯಿತು. ಬೆಂಬಲಿಗರು ಎತ್ತಿ ಹಿಡಿಯುವುದು ಇದನ್ನು. ಅದೇ ಪ್ರಬಂಧ ಹೇಳುವ ಇನ್ನೊಂದು ಮಾತು ಅವರ ಬಾಯಲ್ಲಿ ಬರುವುದಿಲ್ಲ: ಉತ್ತರಗಳ ಸ್ಥಾನ ಅದಲು ಬದಲು ಮಾಡಿದರೆ ಯಂತ್ರದ ತೀರ್ಪೂ ಅದಲು ಬದಲಾಗುತ್ತಿತ್ತು, ಹೊಸದೇನನ್ನೂ ಹೇಳದೆ ಉದ್ದವಾಗಿ ಬರೆದದ್ದಕ್ಕೆ ಮಾದರಿಗಳು ಮರುಳಾಗುತ್ತಿದ್ದವು. ಯಾರು ಮೊದಲು, ಯಾರು ನಂತರ, ಯಾರು ಹೆಚ್ಚು ಪದ ಸುರಿದರು ಎನ್ನುವುದರ ಮೇಲೆಯೇ ಆಟ ನಡೆಯುವ ಚರ್ಚಾಸ್ಪರ್ಧೆಗೆ ಇಂಥ ತೀರ್ಪುಗಾರರನ್ನು ಕರೆಯುವುದೆಂದರೆ ಬಣ್ಣಗುರುಡರನ್ನು ರಂಗೋಲಿ ಸ್ಪರ್ಧೆಗೆ ಕರೆದಂತೆ.

ನಾಳೆ ಈ ದೋಷಗಳೆಲ್ಲ ಸರಿಹೋಗುತ್ತವೆ ಎಂದೇ ಇಟ್ಟುಕೊಳ್ಳೋಣ. ಆಗಲೂ ನನ್ನ ವಿರೋಧ ಕಡಿಮೆಯಾಗುವುದಿಲ್ಲ. ಯಾಕೆಂದರೆ ವಿದ್ಯಾರ್ಥಿಗಳು ಯಾರು ತೀರ್ಪು ಕೊಡುತ್ತಾರೋ ಅವರಿಗೆ ತಕ್ಕಂತೆ ಮಾತು ಕಲಿಯುತ್ತಾರೆ. ಮತ್ತೆ ಅಮೆರಿಕದ್ದೇ ಉದಾಹರಣೆ. ‘ಉತ್ತರ ಕೊಡದ ವಾದವನ್ನು ಒಪ್ಪಿಕೊಂಡಂತೆ’ ಎಂಬ ನಿಯಮವನ್ನು ತೀರ್ಪುಗಾರರು ಅಕ್ಷರಶಃ ಪಾಲಿಸತೊಡಗಿದಾಗ ಪಾಲಿಸಿ ಚರ್ಚೆಯ ಜಾಣ ಮಕ್ಕಳು ಕಂಡುಕೊಂಡದ್ದೇನು? ಎದುರಾಳಿಗೆ ಉತ್ತರಿಸಲು ಪುರುಸೊತ್ತಾಗದಷ್ಟು ವಾದಗಳನ್ನು ಸುರಿಯುವುದು. ಮಾತಿನ ವೇಗ ನಿಮಿಷಕ್ಕೆ 300 ಪದ ದಾಟಿತು. ಅದಕ್ಕೆ ‘ಸ್ಪ್ರೆಡಿಂಗ್’ ಎಂದು ಹೆಸರು. ಹೊರಗಿನವರಿಗೆ ಅದು ಮಾತೆಂದು ಗೊತ್ತಾಗುವುದೇ ಕಷ್ಟ; ಉಸಿರು ಎಳೆದುಕೊಳ್ಳುವ ಸದ್ದು, ನಡುವೆ ಒಂದೊಂದು ಪದ. ಪಾಲಿಸಿ ಚರ್ಚೆ ಹಿಡಿದ ಜಾಡಿನಿಂದ ಬೇಸತ್ತವರು 1980ರ ಹೊತ್ತಿಗೆ ಲಿಂಕನ್-ಡಗ್ಲಸ್ ಎಂಬ ಬೇರೆ ಮಾದರಿ ತಂದರು. ಅಲ್ಲಿಗೂ ವೇಗ ಕಾಲಿಟ್ಟಿತು. ಸಾಮಾನ್ಯ ನಾಗರಿಕರೂ ತೀರ್ಪುಗಾರರಾಗಿ ಕೂರುವಂತಿರಲಿ ಎಂದು 2002ರಲ್ಲಿ ಪಬ್ಲಿಕ್ ಫೋರಂ ಮಾದರಿ ಬಂತು. ಎದುರಿಗೆ ಕೂತ ಕಿವಿಯನ್ನು ಮರೆತ ಒಂದು ನಿಯಮಕ್ಕೆ ಎರಡು ತಲೆಮಾರು ಮದ್ದು ಹುಡುಕಬೇಕಾಯಿತು. ಇನ್ನು ಕಿವಿಯೇ ಇಲ್ಲದ ತೀರ್ಪುಗಾರರಿಗಾಗಿ ನಮ್ಮ ಮಕ್ಕಳು ಎಂಥ ಕನ್ನಡ ಮಾತಾಡಬಹುದು? ಉಪಶೀರ್ಷಿಕೆ ಹಾಕಿದಂತೆ, ‘ಮೊದಲನೆಯದಾಗಿ, ಎರಡನೆಯದಾಗಿ, ಕೊನೆಯದಾಗಿ’ ಎಂದು ಗೂಟ ನೆಟ್ಟಂತೆ, ನಗು, ಮೌನ, ವ್ಯಂಗ್ಯ ಯಾವುದೂ ಇಲ್ಲದಂತೆ.

ಚರ್ಚೆಯ ತೀರ್ಪು ಎಂಥದ್ದು ಎನ್ನುವುದು ಯಂತ್ರ ಮಾಡಿದವರಿಗೇ ನಮಗಿಂತ ಚೆನ್ನಾಗಿ ಗೊತ್ತಿತ್ತು. 2019ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐಬಿಎಂನ ಪ್ರಾಜೆಕ್ಟ್ ಡಿಬೇಟರ್ ಎಂಬ ಯಂತ್ರ ಹರೀಶ್ ನಟರಾಜನ್ ಎಂಬ ಚರ್ಚಾಪಟುವಿನೆದುರು ವಾದಿಸಿತು. ವಿಷಯ: ಶಿಶುವಿಹಾರಗಳಿಗೆ ಸರ್ಕಾರ ಸಹಾಯಧನ ಕೊಡಬೇಕೆ. ಯಂತ್ರ ಪರ, ಹರೀಶ್ ವಿರೋಧ. ಶುರುವಿಗೆ ಸಭಿಕರಲ್ಲಿ ಶೇಕಡಾ 79 ಮಂದಿ ಪರ, 13 ಮಂದಿ ವಿರೋಧ. ಮುಗಿದಾಗ 62 ಮತ್ತು 30. ಗೆದ್ದದ್ದು ಹರೀಶ್. ವಿಚಿತ್ರವೆಂದರೆ, ಯಾರಿಂದ ಹೆಚ್ಚು ತಿಳಿದುಕೊಂಡಿರಿ ಎಂದು ಕೇಳಿದಾಗ ಹೆಚ್ಚಿನವರು ಯಂತ್ರದ ಹೆಸರು ಹೇಳಿದರು. ಮಾಹಿತಿ ಯಂತ್ರದಿಂದ ಬಂತು, ಮನಸ್ಸು ಬದಲಾದದ್ದು ಮನುಷ್ಯನ ಮಾತಿನಿಂದ. ಮುಖ್ಯವಾದದ್ದು ಇನ್ನೊಂದಿದೆ. ವಾದಿಸುವ ಯಂತ್ರ ಕಟ್ಟಲು ವರ್ಷಗಟ್ಟಲೆ ದುಡಿದ ಕಂಪನಿ ಗೆದ್ದವರು ಯಾರೆಂದು ತಿಳಿಯಲು ಎರಡನೇ ಯಂತ್ರ ಇಡಲಿಲ್ಲ; ಸಭಿಕರ ಮತ ಕೇಳಿತು. ಮನವೊಲಿಯಿತೇ ಎಂಬುದನ್ನು ಮನಸ್ಸಿದ್ದವರೇ ಹೇಳಬೇಕು.

ನಮ್ಮಲ್ಲೂ ಉಪಕರಣ ಇಟ್ಟು ತೀರ್ಪು ಕೊಟ್ಟ ಹಳೆಯ ಕಥೆಯೊಂದಿದೆ. ಶೃಂಗೇರಿಯ ನೆನಪಿನೊಡನೆ ಬೆರೆತುಹೋದ ಶಂಕರ-ಮಂಡನಮಿಶ್ರರ ವಾದ. ತೀರ್ಪುಗಾರ್ತಿ ಮಂಡನಮಿಶ್ರರ ಹೆಂಡತಿ ಉಭಯಭಾರತಿ. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುತ್ತದೋ ಅವರು ಸೋತಂತೆ ಎಂದು ಹೇಳಿ ಆಕೆ ಮನೆಗೆಲಸಕ್ಕೆ ಹೋದಳಂತೆ. ನೋಡಿ, ಇದೂ ತಂತ್ರಾಂಶವೇ ಅಲ್ಲವೆ ಎಂದು ಒಬ್ಬ ಗೆಳೆಯರು ನನ್ನನ್ನು ಕೆಣಕಿದ್ದುಂಟು. ಆದರೆ ಕಥೆ ಮಾಲೆ ಬಾಡುವಲ್ಲಿಗೆ ಮುಗಿಯುವುದಿಲ್ಲ. ಗಂಡನ ಮಾಲೆ ಬಾಡಿದ ಮೇಲೆ ಆಕೆಯೇ ಎದ್ದು ಬಂದು ಶಂಕರರೊಡನೆ ವಾದಕ್ಕೆ ನಿಲ್ಲುತ್ತಾಳೆ. ಉಪಕರಣ ಹೇಳಿದ್ದು ಆಕೆಗೆ ಸಾಕಾಗಲಿಲ್ಲ.

ಎದುರು ಪಕ್ಷದ ಬಲವಾದ ವಾದ ಇರುವುದು ಬೇರೆ ಕಡೆ. ಮನುಷ್ಯ ತೀರ್ಪುಗಾರರು ಏನು ಹರಿಶ್ಚಂದ್ರರೆ? ಊಟವಾದ ಮೇಲಿನ ಸುತ್ತಿನಲ್ಲಿ ತೂಕಡಿಸುವವರು, ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕಂಡೊಡನೆ ಮುಖ ಅರಳಿಸುವವರು, ಸೀರೆ ಉಟ್ಟವಳಿಗೆ ಎರಡು ಅಂಕ ಹೆಚ್ಚು ಕೊಡುವವರು ಇಲ್ಲವೆ? ಇದ್ದಾರೆ, ಸಾಕಷ್ಟಿದ್ದಾರೆ. ವಿದ್ಯಾರ್ಥಿಗಳ ಈ ಸಿಟ್ಟು ನ್ಯಾಯವಾದದ್ದು, ಯಂತ್ರದ ಕಡೆಗೆ ಅವರು ಆಸೆಯಿಂದ ನೋಡುವುದೂ ಸಹಜ.

ಆದರೆ ಅವರ ಸಿಟ್ಟಿನ ಬೇರು ಎಲ್ಲಿದೆ ನೋಡಿ. ನಮ್ಮ ಸ್ಪರ್ಧೆಗಳಲ್ಲಿ ತೀರ್ಪುಗಾರರ ಕೈಗೆ ಬರುವ ಹಾಳೆಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಮನೆಗಳು: ವಿಷಯ, ನಿರೂಪಣೆ, ಭಾಷಾಶುದ್ಧಿ, ಸಮಯಪಾಲನೆ, ಒಟ್ಟು. ಎದುರಾಳಿಗೆ ಉತ್ತರ ಕೊಟ್ಟರೇ ಎಂದು ಕೇಳುವ ಮನೆ ಅಪರೂಪ. ಹುಡುಗ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾನೆ, ಹುಡುಗಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾಳೆ, ಗಂಟೆ ಬಾರಿಸುತ್ತದೆ, ಅಂಕ ಬೀಳುತ್ತದೆ. ಕೊನೆಗೆ ತೀರ್ಪುಗಾರರಲ್ಲಿ ಒಬ್ಬರು ಮೈಕಿನ ಮುಂದೆ ನಿಂತು ಎಲ್ಲರೂ ಚೆನ್ನಾಗಿ ಮಾತಾಡಿದಿರಿ, ಸ್ಪರ್ಧೆಯಲ್ಲಿ ಭಾಗವಹಿಸುವುದು ಮುಖ್ಯ ಎಂದು ಹೇಳಿ ಶಾಲು ಹೊದೆಸಿಕೊಂಡು ಹೋಗುತ್ತಾರೆ. ಸೋತವರಿಗೆ ತಾವೇಕೆ ಸೋತೆವೆಂದು ಗೊತ್ತೇ ಆಗುವುದಿಲ್ಲ. ಯಂತ್ರ ಬರುವುದಕ್ಕೆ ಮೊದಲೇ ನಾವು ತೀರ್ಪನ್ನು ಯಂತ್ರದ ಕೆಲಸ ಮಾಡಿಟ್ಟಿದ್ದೆವು. ಹಾಗಿದ್ದ ಮೇಲೆ, ಕಾರಣವನ್ನೂ ಕೊಡುವ ಯಂತ್ರವೊಂದು ಕಾರಣವನ್ನೇ ಕೊಡದ ಪ್ರಾಧ್ಯಾಪಕರಿಗಿಂತ ವಾಸಿ ಎಂದು ಮಕ್ಕಳಿಗೆ ಅನಿಸಿದರೆ ತಪ್ಪೇನು?

ಅನಿಸುವುದರಲ್ಲಿ ತಪ್ಪಿಲ್ಲ. ಆದರೆ ಆ ಕಾರಣ ಎಲ್ಲಿಂದ ಬಂತು? ‘ಎರಡನೇ ತಂಡದ ವಾದ ಹೆಚ್ಚು ಸುಸಂಬದ್ಧವಾಗಿತ್ತು’ ಎಂದು ತೆರೆ ಹೇಳುತ್ತದೆ. ಯಾರಿಗೆ ಹಾಗನಿಸಿತು? ಎದ್ದು ನಿಂತು ‘ಸರ್, ನನ್ನ ಮೂರನೇ ಮಾತಿಗೆ ಅವರು ಉತ್ತರವನ್ನೇ ಕೊಡಲಿಲ್ಲವಲ್ಲ’ ಎಂದು ಒಬ್ಬಳು ಕೇಳಿದರೆ ಆ ಸರ್ ತಮ್ಮ ಹಾಳೆ ನೋಡಬೇಕೋ, ಲ್ಯಾಪ್‌ಟಾಪ್ ನೋಡಬೇಕೋ? ಯಂತ್ರಕ್ಕೇ ಈ ಆಕ್ಷೇಪ ಹಾಕಿದರೆ ಅದು ಎಷ್ಟೋ ಸಲ ಕ್ಷಮೆ ಕೇಳಿ ತೀರ್ಪನ್ನೇ ಬದಲಿಸುತ್ತದೆ. ಇನ್ನೊಂದು ತಂಡವೂ ಕೇಳಿದರೆ ಮತ್ತೆ ಬದಲಿಸುತ್ತದೆ. ಇಷ್ಟು ವಿನಯ ತೀರ್ಪುಗಾರರಿಗೆ ಒಳ್ಳೆಯದಲ್ಲ.

ಪಾರ್ಲಿಮೆಂಟರಿ ಸ್ಪರ್ಧೆಗಳ ಒಂದು ಪದ್ಧತಿ ನಮ್ಮ ಕನ್ನಡ ವೇದಿಕೆಗೂ ಬರಬೇಕು. ಸುತ್ತು ಮುಗಿದ ಮೇಲೆ ತಂಡಗಳನ್ನು ಹೊರಗೆ ಕಳಿಸಿ ಮೂವರು ತೀರ್ಪುಗಾರರು ತಮ್ಮ ತಮ್ಮ ಹಾಳೆ ಹಿಡಿದು ಜಗಳವಾಡುತ್ತಾರೆ. ಒಬ್ಬರ ಪಕ್ಷಪಾತ ಇನ್ನೊಬ್ಬರ ಹಾಳೆಯೆದುರು ಸಿಕ್ಕಿಬೀಳುವುದು ಅಲ್ಲೇ. ಆಮೇಲೆ ತಂಡಗಳನ್ನು ಕರೆದು, ಕೊನೆಯ ಕೆಲವು ಸುತ್ತುಗಳನ್ನು ಬಿಟ್ಟರೆ, ಯಾರು ಯಾಕೆ ಮೊದಲು, ಯಾರು ಯಾಕೆ ಕೊನೆ ಎಂದು ಎದುರೆದುರು ಹೇಳುತ್ತಾರೆ. ಮಕ್ಕಳು ಪ್ರಶ್ನೆ ಕೇಳಬಹುದು. ಹೀಗೆ ಹತ್ತು ನಿಮಿಷ ನಿಂತು ಉತ್ತರ ಕೊಡಬೇಕು ಎಂದು ಗೊತ್ತಿದ್ದರೆ ಊಟವಾದ ಮೇಲಿನ ಸುತ್ತಿನಲ್ಲೂ ಯಾರಿಗೂ ನಿದ್ದೆ ಬರುವುದಿಲ್ಲ.

ಅಷ್ಟು ತೀರ್ಪುಗಾರರನ್ನು ಎಲ್ಲಿಂದ ತರುವುದು ಎಂದು ಸಂಘಟಕರು ಕೇಳುತ್ತಾರೆ. ಯಂತ್ರದ ಪರ ಅವರ ಕೊನೆಯ ವಾದವೂ ಇದೇ. ಅದಕ್ಕೂ ಆ ಲೋಕದಲ್ಲೇ ಉತ್ತರವಿದೆ. ತಂಡ ಕಳಿಸುವ ಸಂಸ್ಥೆ ತನ್ನ ತಂಡಗಳ ಸಂಖ್ಯೆಗೆ ತಕ್ಕಷ್ಟು ತೀರ್ಪುಗಾರರನ್ನೂ ಕಳಿಸಬೇಕು ಎಂಬ ನಿಯಮ ಅಲ್ಲಿ ರೂಢಿಯಲ್ಲಿದೆ. ಹಾಗೆ ಬರುವವರಲ್ಲಿ ಬಹುಪಾಲು ವಿದ್ಯಾರ್ಥಿಗಳೇ. ಹೋದ ವರ್ಷ ಸೋತವಳು ಈ ವರ್ಷ ಕಂಬಸಾಲು ಎಳೆದುಕೊಂಡು ಕೂರುತ್ತಾಳೆ. ನಮ್ಮ ಅಂತರಕಾಲೇಜು ಸ್ಪರ್ಧೆಗಳ ಮುಂದಿನ ಸುತ್ತೋಲೆಯಲ್ಲಿ ಇದನ್ನೊಂದು ಷರತ್ತಾಗಿ ಸೇರಿಸಲು ಯಾವ ತಂತ್ರಾಂಶವೂ ಬೇಕಿಲ್ಲ. ಪ್ರತಿ ಕಾಲೇಜಿಗೆ ಎರಡು ತಂಡ, ಒಬ್ಬ ತೀರ್ಪುಗಾರ ವಿದ್ಯಾರ್ಥಿ, ಅವರ ಕೈಗೆ ಮೂರು ಬಿಳಿ ಹಾಳೆ, ಎರಡು ಬಣ್ಣದ ಪೆನ್ನು.