ಅಡಿಕೆ ಆಮದು: ದರ ಏರಿಸಿದರೆ ಸಾಲದು, ಮೂಲ ನೋಡಬೇಕು

ವಿದೇಶಿ ಅಡಿಕೆ ಬಂತೆಂಬ ಸುದ್ದಿ ಹಬ್ಬಿದಾಗಲೆಲ್ಲ ಶಿವಮೊಗ್ಗ ಮಾರುಕಟ್ಟೆಯಲ್ಲಿ ಧಾರಣೆ ಅಲುಗಾಡುತ್ತದೆ, ಸುಂಕ ಏರಿಸಿ ಎಂಬ ಮನವಿ ದೆಹಲಿಗೆ ಹೋಗುತ್ತದೆ. ಕುಂಸಿಯ ತೋಟಗಾರರ ಆತಂಕ ನಿಜವಾದದ್ದೇ. ಬೇಡಿಕೆ ಮಾತ್ರ ಗುರಿ ತಪ್ಪಿದೆ. ಅಡಿಕೆಯ ಮೇಲಿನ ಆಮದು ಸುಂಕ ಈಗಲೇ ಶೇ 100. ಜೊತೆಗೆ, ವಿಮೆ ಮತ್ತು ಸಾಗಣೆ ವೆಚ್ಚ ಸೇರಿ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆಯನ್ನು ತರಿಸುವಂತಿಲ್ಲ. 2023ರ ಫೆಬ್ರುವರಿವರೆಗೆ ಈ ಮಿತಿ 251 ಇತ್ತು. 351ಕ್ಕೆ ಅಷ್ಟೇ ಸುಂಕ ಕೂಡಿಸಿದರೆ ಕ್ವಿಂಟಲ್‌ಗೆ 70,200 ಆಯಿತು. ನಮ್ಮ ರಾಶಿ ಅಡಿಕೆ ಈಚಿನ ವರ್ಷಗಳಲ್ಲಿ 50,000ದ ಆಸುಪಾಸಿನಲ್ಲಿ ಮಾರಾಟವಾಗಿದೆ. ಸುಂಕ ಪೂರ್ತಿ ಕಟ್ಟಿದ ಮಾಲು ಇಲ್ಲಿ ಪೈಪೋಟಿಗೆ ನಿಲ್ಲಲಾರದು. ಹಾಗಿದ್ದೂ ಅಗ್ಗದ ಅಡಿಕೆ ಬರುತ್ತಿದ್ದರೆ, ಅದು ಸುಂಕ ಕಟ್ಟದೆ ಬರುತ್ತಿದೆ.

ಕಳ್ಳಸಾಗಣೆ ಒಂದು ದಾರಿ, ಕಾಗದಪತ್ರದ್ದು ಇನ್ನೊಂದು. ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದ್ದು, ಅಲ್ಲಿ ಬೆಳೆದ ಅಡಿಕೆಗೆ ಸುಂಕದ ರಿಯಾಯಿತಿ ಇದೆ. ಇಂಡೊನೇಷ್ಯಾದ ಅಡಿಕೆಯೂ ಲಂಕಾದ ಪ್ರಮಾಣಪತ್ರ ಹೊತ್ತು ಬರುತ್ತದೆಂಬುದು ಬೆಳೆಗಾರರ ಹಳೆಯ ದೂರು. ಸುಂಕವೇ ಇಲ್ಲದ ಕಡೆ ಬಿಲ್ಲಿನಲ್ಲಿ ಬೆಲೆ ಏರಿಸಿ ಬರೆದರೆ ಆಮದುದಾರನಿಗೇನೂ ದೊಡ್ಡ ಹೊರೆಯಲ್ಲ. ಮಿತಿಯನ್ನು 500ಕ್ಕೆ ಒಯ್ದರೂ ಸುಳ್ಳು ಬಿಲ್ಲು ಅಲ್ಲಿಗೂ ಏರುತ್ತದೆ. ಹುರಿದ ಅಡಿಕೆಗಂತೂ 351ರ ಮಿತಿ ಅನ್ವಯವಾದದ್ದು 2025ರ ಏಪ್ರಿಲ್‌ನಲ್ಲಿ. ಸರಕಿನ ಮೂಲಕ್ಕೆ ಪುರಾವೆ ಕೇಳುವ ಅಧಿಕಾರವನ್ನು 2020ರ ನಿಯಮಗಳು ಕಸ್ಟಮ್ಸ್ ಅಧಿಕಾರಿಗಳಿಗೆ ಕೊಟ್ಟಿವೆ. ಅದನ್ನು ಬಂದರಿನಲ್ಲೇ ಬಳಸಬೇಕು. ಇಲ್ಲಿ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದ ಅಡಿಕೆಯ ಚೀಲಕ್ಕೆ ಹೊರಗಿನ ಮಾಲು ಬೆರೆತ ಮೇಲೆ ಬೇರ್ಪಡಿಸುವುದು ಬಲು ಕಷ್ಟ.

ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವೇ 2004ರಲ್ಲಿ ವರ್ಗೀಕರಿಸಿದ ಬೆಳೆಗೆ ರಕ್ಷಣೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗಂಭೀರವಾದದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ಸುಂಕ ತಪ್ಪಿಸಿದ ಅಡಿಕೆಯಿಂದ ಜಗಿಯುವವರು ಕಡಿಮೆಯಾಗುವುದಿಲ್ಲ. ಗುಟ್ಕಾ ತಯಾರಕರ ಖರ್ಚು ಇಳಿಯುತ್ತದೆ, ಅಷ್ಟೆ. ತಪಾಸಣೆ ಬಿಗಿಯಾದರೆ ನೆರೆಯವರು ಮುನಿಯುತ್ತಾರೆ ಎಂಬ ಆಕ್ಷೇಪಕ್ಕೆ ಭೂತಾನ್‌ನ ಉದಾಹರಣೆಯೇ ಉತ್ತರ. ಕನಿಷ್ಠ ಬೆಲೆಯ ಷರತ್ತಿಲ್ಲದೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಅನುಮತಿಸಿದಾಗ ಮಲೆನಾಡು ಕೆರಳಿತು. ಆದರೆ ಅಲ್ಲಿ ಪ್ರಮಾಣ ಗೊತ್ತು, ಬರುವ ದಾರಿಯೂ ಗೊತ್ತು, ಲೆಕ್ಕ ಕೇಳಬಹುದು. ಉಳಿದ ಆಮದಿಗೂ ಇದೇ ಅಳತೆ ಇರಲಿ. ಯಾವ ಬಂದರಿಗೆ, ಯಾವ ದೇಶದ ಹೆಸರಲ್ಲಿ, ಎಷ್ಟು ಟನ್ ಬಂತು, ಆ ದೇಶ ಬೆಳೆಯುವುದೆಷ್ಟು ಎಂಬುದನ್ನು ತಿಂಗಳು ತಿಂಗಳು ಪಕ್ಕಪಕ್ಕದಲ್ಲಿಟ್ಟು ಪ್ರಕಟಿಸುವಂತೆ ನಮ್ಮ ಸಂಸದರು ವಾಣಿಜ್ಯ ಸಚಿವಾಲಯವನ್ನು ಕೇಳಲಿ.