ಕಿಟ್ ತರಿಸಿದ್ದು ಸಾಕು, ಪೊರೆ ಮಾಡೋಣ

ಹೈಡ್ರೋಜನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಕಾರು, ಬಸ್ಸು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟ ಮೇಲೆ ಇಂಧನಕೋಶದ ಪ್ರಾಜೆಕ್ಟ್ ಅಂದರೆ ಒಂದು ತೂಕ ಬಂದಿದೆ. ಆದರೆ ಆ ಹೆಸರಲ್ಲಿ ಬಹುಪಾಲು ನಡೆಯೋದು ಇಷ್ಟೇ: ಆನ್‌ಲೈನ್‌ನಲ್ಲಿ ಕಿಟ್ ತರಿಸೋದು, ಪುಟ್ಟ ಫ್ಯಾನ್ ತಿರುಗಿಸೋದು, ಪಿಪಿಟಿ ಮಾಡೋದು.

ಅದೇ ಕಿಟ್ಟನ್ನು ಸುತ್ತೂರು ಜಾತ್ರೆಯ ವಸ್ತುಪ್ರದರ್ಶನಕ್ಕೆ ಒಯ್ದರು ಅಂದುಕೊಳ್ಳಿ. ಕೃಷಿ ಮೇಳ ಸುತ್ತಿಕೊಂಡು ಬರೋ ನಂಜನಗೂಡು, ತಿ. ನರಸೀಪುರ ಕಡೆಯ ರೈತರು ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಪಳಗಿದವರು. ‘ಒಳಗಡೆ ಏನಿದೆ? ಕೆಟ್ಟರೆ ಎಲ್ಲಿ ಸಿಗುತ್ತೆ?’ ಅಂತಲೇ ಕೇಳ್ತಾರೆ. ಕಿಟ್ ಕೊಂಡವರ ಹತ್ತಿರ ಇದಕ್ಕೆ ಉತ್ತರ ಇರಲ್ಲ. ಯಾಕಂದ್ರೆ ಉತ್ತರ ಇರೋದು ಒಳಗಿನ ತೆಳ್ಳನೆಯ ಪೊರೆಯಲ್ಲಿ.

ಪೊರೆಯ ಒಂದು ಬದಿಯಲ್ಲಿ ಹೈಡ್ರೋಜನ್, ಇನ್ನೊಂದು ಬದಿಯಲ್ಲಿ ಗಾಳಿ. ವೇಗವರ್ಧಕದ ಮೇಲೆ ಹೈಡ್ರೋಜನ್ ಒಡೆದು ಪ್ರೋಟಾನ್, ಎಲೆಕ್ಟ್ರಾನ್ ಆಗುತ್ತೆ. ಪೊರೆ ಪ್ರೋಟಾನ್‌ಗೆ ಮಾತ್ರ ದಾರಿ ಬಿಡಬೇಕು. ಎಲೆಕ್ಟ್ರಾನ್ ಹೊರಗಿನ ವೈರಿನಲ್ಲೇ ಸುತ್ತಿ ಬರಬೇಕು. ಆ ಸುತ್ತೇ ನಮಗೆ ಸಿಗೋ ಕರೆಂಟು. ಪೊರೆಯೊಳಗಿನ ನೀರಿನ ಅಣುಗಳು ಪ್ರೋಟಾನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸ್ತವೆ, ದಾಸೋಹದಲ್ಲಿ ಸಾಲಾಗಿ ನಿಂತವರು ಅನ್ನದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ಇಂಥ ಕಲ್ಪನೆಯನ್ನು ಗ್ರೊಟ್ಹಸ್ ಎಂಬ ವಿಜ್ಞಾನಿ 1806ರಲ್ಲೇ ಮುಂದಿಟ್ಟಿದ್ದ.

ಇವತ್ತು ಈ ಪೊರೆ ಅಂದರೆ ಹೆಚ್ಚುಕಡಿಮೆ ನಾಫಿಯಾನ್. 1960ರ ದಶಕದಲ್ಲಿ ಡುಪಾಂಟ್ ಕಂಪನಿಯಲ್ಲಿ ವಾಲ್ಟರ್ ಗ್ರಾಟ್ ರೂಪಿಸಿದ್ದು. ಟೆಫ್ಲಾನ್‌ನಂಥ ಬೆನ್ನೆಲುಬು, ಅದರಿಂದ ಜೋತುಬಿದ್ದ ಸಲ್ಫಾನಿಕ್ ಆಮ್ಲದ ಗುಂಪುಗಳು. ಚೆನ್ನಾಗಿ ತೇವ ಇದ್ದರೆ ವಾಹಕತೆ ಸೆಂ.ಮೀ.ಗೆ ಸುಮಾರು 0.1 ಸೀಮೆನ್ಸ್. ತೊಂದರೆಗಳೂ ಇವೆ. ಬೆಲೆ ಜಾಸ್ತಿ. ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟ್ತಾ ಹೋದರೆ ನೀರು ಆರಿ ವಾಹಕತೆ ಕುಸಿಯುತ್ತೆ. ಜೊತೆಗೆ ಇದು ‘ಶಾಶ್ವತ ರಾಸಾಯನಿಕ’ ಅಂತ ಕರೆಯೋ ಪಿಎಫ್‌ಎಎಸ್ ಗುಂಪಿಗೆ ಸೇರಿದ್ದು. 2023ರಲ್ಲಿ ಯುರೋಪಿನ ಐದು ದೇಶಗಳು ಈ ಗುಂಪಿನ ಮೇಲೆ ವ್ಯಾಪಕ ನಿರ್ಬಂಧ ಬೇಕು ಅಂತ ಪ್ರಸ್ತಾವ ಇಟ್ಟವು. ಕಪಿಲೆಯ ನೀರು ಕುಡಿಯೋ ನಮಗೂ ಇದು ಸಂಬಂಧವಿಲ್ಲದ ವಿಷಯ ಅಲ್ಲ.

‘ನಾವೇನು ಡುಪಾಂಟಾ?’ ಅನ್ನೋರಿಗೆ ಒಂದು ಸಣ್ಣ ಲೆಕ್ಕ. 50 ಮೈಕ್ರಾನ್ ದಪ್ಪದ ಪೊರೆ, ವಿಸ್ತೀರ್ಣ ಒಂದು ಚದರ ಸೆಂ.ಮೀ. ವಾಹಕತೆ 0.1 ಇದ್ದರೆ ರೋಧ 0.05 ಓಮ್. ಒಂದು ಆಂಪಿಯರ್ ಹರಿದರೆ ಪೊರೆಯಲ್ಲಿ ಕಳೆದುಹೋಗೋದು 0.05 ವೋಲ್ಟ್. ಅದೇ ದಪ್ಪದ ನಮ್ಮ ಪೊರೆಯ ವಾಹಕತೆ ಹತ್ತು ಪಟ್ಟು ಕಡಿಮೆ ಅಂತಿಟ್ಟುಕೊಳ್ಳಿ. ನಷ್ಟ 0.5 ವೋಲ್ಟ್! ಒಂದು ಕೋಶ ಕೆಲಸದಲ್ಲಿರುವಾಗ ಕೊಡೋದೇ 0.6–0.7 ವೋಲ್ಟ್. ಹಾಗಾಗಿ ಕಾರಿಗೆ ಅದು ನಡೆಯಲ್ಲ. ಆದರೆ 0.1 ಆಂಪಿಯರ್ ಮಾತ್ರ ಎಳೆದರೆ ನಷ್ಟ ಮತ್ತೆ 0.05 ವೋಲ್ಟ್ ಅಷ್ಟೇ. ತೋಟದ ತೇವಾಂಶ ಅಳೆಯೋ ಸೆನ್ಸರ್‌ಗೆ, ಸಣ್ಣ ದೀಪಕ್ಕೆ ಇಷ್ಟು ಸಾಕಲ್ವಾ? ‘ನಾಫಿಯಾನ್‌ಗಿಂತ ಒಳ್ಳೇದಾ?’ ಅನ್ನೋದಕ್ಕಿಂತ ‘ಯಾವ ಕೆಲಸಕ್ಕೆ ಸಾಕು?’ ಅನ್ನೋದೇ ಎಂಜಿನಿಯರ್ ಕೇಳಬೇಕಾದ ಪ್ರಶ್ನೆ.

ಶುರು ಮಾಡೋಕೆ ದೊಡ್ಡ ಲ್ಯಾಬ್ ಬೇಕಿಲ್ಲ. ಸಿಗಡಿ, ಏಡಿ ಚಿಪ್ಪಿನಿಂದ ಬರೋ ಕೈಟೋಸಾನ್ ಇದೆ. ನಮ್ಮ ಕರಾವಳಿಯಲ್ಲಿ ಆ ಚಿಪ್ಪಿಗೆ ಬರ ಇಲ್ಲ. ದುರ್ಬಲ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಪೆಟ್ರಿ ತಟ್ಟೆಗೆ ಸುರಿದು ಒಣಗಿಸಿದರೆ ಹಾಳೆ ಸಿಗುತ್ತೆ. ಮೇಷ್ಟ್ರು ಜೊತೆಗಿದ್ದಾಗ, ಕೈಗವಸು ಹಾಕಿಕೊಂಡು, ದುರ್ಬಲ ಸಲ್ಫ್ಯೂರಿಕ್ ಆಮ್ಲದಿಂದ ಅದಕ್ಕೆ ಅಡ್ಡಕೊಂಡಿ ಹಾಕಬಹುದು. ಒಣಗಿದ್ದಾಗ, ನೆನೆದಾಗ ತೂಗಿದರೆ ಎಷ್ಟು ನೀರು ಹೀರಿತು ಅಂತ ಗೊತ್ತಾಗುತ್ತೆ. ಅಯಾನು ವಿನಿಮಯ ಸಾಮರ್ಥ್ಯಕ್ಕೆ ಫಸ್ಟ್ ಇಯರ್ ಟೈಟ್ರೇಷನ್ ಸಾಕು. ಇಂಪೀಡೆನ್ಸ್ ಅಳತೆಗೆ ಮಾತ್ರ ಒಳ್ಳೆ ಉಪಕರಣ ಬೇಕು, ಅದನ್ನು ಬೇರೆ ವಿಭಾಗದಿಂದ ಕೇಳಿ ಪಡೆಯೋಣ. ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ 1963ರಲ್ಲಿ ಕಟ್ಟಿದ ಮೈಸೂರಿನ ಎಸ್‌ಜೆಸಿಇಯಲ್ಲಿ ಪಾಲಿಮರ್ ತಂತ್ರಜ್ಞಾನಕ್ಕೇ ಒಂದು ವಿಭಾಗ ಇದೆ. ಅಲ್ಲಿನ ಬಾಗಿಲು ತಟ್ಟೋಕೆ ಸಂಕೋಚ ಯಾಕೆ?

ಮೊದಲ ಹಾಳೆ ಸುಕ್ಕಾಗುತ್ತೆ, ಎರಡನೇದು ಹರಿಯುತ್ತೆ. ಆಗಲಿ. 1965ರಲ್ಲಿ ಜೆಮಿನಿ 5 ನೌಕೆ ಬಾಹ್ಯಾಕಾಶಕ್ಕೆ ಒಯ್ದ ಇಂಧನಕೋಶದಲ್ಲಿ ನಾಫಿಯಾನ್ ಇರಲಿಲ್ಲ. ಸಲ್ಫಾನಿಕ್ ಆಮ್ಲ ಸೇರಿಸಿದ ಪಾಲಿಸ್ಟೈರೀನ್ ಪೊರೆ ಇತ್ತು. ಅದು ಬಾಳಿಕೆ ಬರ್ತಿರಲಿಲ್ಲ. ಆದರೂ ಅದರಿಂದಲೇ ಶುರುವಾಯ್ತು.

ನಮ್ಮ ಬೇಡಿಕೆ ಇಷ್ಟು. ವರ್ಷಕ್ಕೆ ಒಂದು ತಂಡವಾದರೂ ಕಿಟ್ ಬಿಟ್ಟು ಪೊರೆಯ ಪ್ರಾಜೆಕ್ಟ್ ತಗೊಳ್ಳಲಿ. ಹರಿದ ಹಾಳೆಗಳ ಅಳತೆಯೂ ಸೇರಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿಡಲಿ, ಮುಂದಿನ ಬ್ಯಾಚ್ ಅಲ್ಲಿಂದಲೇ ಮುಂದುವರಿಸಲಿ. ಆಮೇಲೆ ಸುತ್ತೂರಿಗೆ ಹೋಗೋಣ. ಒಳಗಡೆ ಏನಿದೆ ಅಂತ ಕೇಳಿದವರ ಕೈಗೇ ಆ ಹಾಳೆ ಕೊಟ್ಟು, ಇದನ್ನು ಹೀಗೆ ಮಾಡಿದ್ವಿ, ಇಷ್ಟು ದಿನ ಬಾಳುತ್ತೆ ಅಂತ ಹೇಳೋಣ.