ಆನ್ ಆದರೆ ಸಾಕಾ?

ಈ ಕಡೆ ತಲೆ ಹಾಕದೇ ಬಹಳ ದಿನ ಆಗಿತ್ತು. ಆಫೀಸು, ಬೆಂಗಳೂರಿನ ಟ್ರಾಫಿಕ್ಕು, ಸೋಮಾರಿತನ... ನೆಪಗಳಿಗೇನು ಬರವಿಲ್ಲ. ಆದರೆ ಸಂಕ್ರಮಣಕ್ಕೆ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆಯೊಳಗೆ ಕೊರೀತಾನೇ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಕಂಪ್ಯೂಟರಿನ ಹೊಟ್ಟೆಯೊಳಗಿನ ಮಾತು ಜಾಸ್ತಿ ಇದೆ, ಬೇಜಾರಾದರೆ ಕ್ಷಮಿಸಿ. ಆದರೆ ಕೊನೆಗೆ ಬರೋದು ಮನುಷ್ಯರ ಮಾತೇ.

ನಮ್ಮ ದೊಡ್ಡಪ್ಪನ ಮಗ ತಿಕೋಟಾದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ದೊಡ್ಡಪ್ಪನ ಕಾಲದಲ್ಲಿ ರೀಲು, ಡಾರ್ಕ್ ರೂಮು. ಅಣ್ಣನ ಕಾಲದಲ್ಲಿ 4ಕೆ ವಿಡಿಯೋ, ಡ್ರೋನು. ಸುತ್ತಲಿನ ದ್ರಾಕ್ಷಿ ತೋಟದವರ ಮನೆ ಮದುವೆಗಳೆಂದರೆ ಸಣ್ಣ ಮಾತಲ್ಲ, ಎರಡು ದಿನಕ್ಕೆ ನೂರಾರು ಜಿಬಿ ಶೂಟಿಂಗ್ ಆಗುತ್ತದೆ. ಅವನ ಕಂಪ್ಯೂಟರು 2020ರದ್ದು, ಆರು ಕೋರಿನ ಪ್ರೊಸೆಸರು. ಒಂದು ಮದುವೆಯ ವಿಡಿಯೋ ರೆಂಡರ್ ಆಗಲು ರಾತ್ರಿಯೆಲ್ಲಾ ಬೇಕು. ಅದೇ ಮದರ್‌ಬೋರ್ಡಿಗೆ ಕೂಡುವ ಎಂಟು ಕೋರಿನ ಪ್ರೊಸೆಸರು ಸೆಕೆಂಡ್ ಹ್ಯಾಂಡಿನಲ್ಲಿ ಹನ್ನೊಂದು ಸಾವಿರಕ್ಕೆ ಸಿಕ್ಕಿತು. ತುಳಸಿ ಲಗ್ನ ಮುಗಿದು ಮದುವೆ ಸೀಜನ್ ಶುರುವಾಗುವ ಹೊತ್ತಿಗೆ ಹಾಕಿಸಿದ. ಹಳೇದನ್ನು ಡಬ್ಬಿಯಲ್ಲಿಟ್ಟ. ಎರಡು ದಿನ ಎಲ್ಲಾ ಚಂದ.

ಮೂರನೇ ದಿನ ಫೋನು.

"ತಮ್ಮಾ, ಮಷಿನ್ ತಾನಾ ರೀಸ್ಟಾರ್ಟ್ ಆಗ್ಲಾಕತ್ತೈತಿ. ರೆಂಡರ್ ಇಟ್ಟು ಊಟಕ್ಕ ಹೋದ್ರ ಬರೂದ್ರಾಗ ನೀಲಿ ಸ್ಕ್ರೀನ್. ಏನ್ ಮಾಡ್ಲಿ?"

ನಾನು ಮೀಟಿಂಗಿನಲ್ಲಿದ್ದೆ. "ಡ್ರೈವರ್ ಅಪ್‌ಡೇಟ್ ಮಾಡಿ ನೋಡಣ್ಣಾ" ಅಂದೆ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟು ಹೇಳಲಿಕ್ಕೆ ಬರುತ್ತೆ ನೋಡಿ :)

ಅಣ್ಣ ಊರಿನ ಟೆಕ್ನಿಷಿಯನ್ ಒಬ್ಬರನ್ನು ಕರೆಸಿದ. ಅವರು ಐನೂರು ತಗೊಂಡು ವಿಂಡೋಸ್ ಹೊಸದಾಗಿ ಹಾಕಿಕೊಟ್ಟರು. ಹೋಗಲಿಲ್ಲ. "ಎಸ್‌ಎಂಪಿಎಸ್ ವೀಕ್ ಆಗಿರಬೇಕು" ಅಂದರು, ಹೊಸದು ಬಂತು. ಹೋಗಲಿಲ್ಲ. "ರ‍್ಯಾಮ್ ಇರಬೇಕು." ಅದೂ ಬಂತು. ಹೀಗೆ ಮೂರು ವಾರ, ಸೀಜನ್ನಿನ ನಟ್ಟನಡುವೆ.

ಇಲ್ಲಿ ಒಂದು ಮಾತು ಹೇಳಬೇಕು. ನೀಲಿ ಸ್ಕ್ರೀನಿನ ಮೇಲೆ ದಿನಕ್ಕೊಂದು ಸಂದೇಶ ಬರುತ್ತಿತ್ತು. ಒಂದು ದಿನ ಮೆಮರಿ ಸರಿ ಇಲ್ಲ ಅಂತ, ಮರುದಿನ ಡ್ರೈವರ್ ಸರಿ ಇಲ್ಲ ಅಂತ, ಇನ್ನೊಂದು ದಿನ ಫೈಲ್ ಸಿಸ್ಟಂ ಅಂತ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಹತ್ತಿದವರಿಗೆ ಗೊತ್ತು. ಆಚೆ ಗೋಡೆಯ ಹತ್ತಿರ ಯಾರೋ ಪಿಸುಗುಟ್ಟಿದರೆ ನಮ್ಮ ಕಿವಿಯ ಪಕ್ಕದಲ್ಲೇ ಅಂದಂಗಾಗುತ್ತದೆ. ಶಾಲೆಯ ಹುಡುಗರಾಗಿದ್ದಾಗ ತಿರುಗಿ ತಿರುಗಿ ನೋಡಿ ಮೋಸ ಹೋಗಿದ್ದೇವೆ. ಲೆಕ್ಕ ತಪ್ಪುವ ಪ್ರೊಸೆಸರೂ ಹಾಗೇ. ತಪ್ಪು ಆಗುವುದು ಒಂದು ಕಡೆ, ಕೂಗು ಕೇಳುವುದು ಇನ್ನೊಂದು ಕಡೆ. ಕೂಗು ಬಂದ ಕಡೆ ಓಡಿದವನು ರ‍್ಯಾಮು, ಎಸ್‌ಎಂಪಿಎಸ್ಸು, ವಿಂಡೋಸು ಎಲ್ಲಾ ಬದಲಾಯಿಸುತ್ತಾನೆ.

ಇದು ನಮ್ಮ ಊರಿನ ಟೆಕ್ನಿಷಿಯನ್‌ಗಳ ತಪ್ಪು ಮಾತ್ರ ಅಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳ ಕಥೆ ನೆನಪಿದೆಯಾ? ಗೇಮ್ ಆಡುವಾಗ "ವಿಡಿಯೋ ಮೆಮರಿ ಸಾಲದು" ಅಂತ ಬರುತ್ತಿತ್ತು. ಜಗತ್ತಿನ ತುಂಬಾ ಜನ ಗ್ರಾಫಿಕ್ಸ್ ಕಾರ್ಡನ್ನೇ ಬೈದರು. ತಪ್ಪಿದ್ದದ್ದು ಪ್ರೊಸೆಸರಿನಲ್ಲಿ. ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಹೋಗಿ ಅದು ಸವೆಯುತ್ತಿತ್ತು ಎಂದು ಕಂಪನಿ ತಾನೇ 2024ರಲ್ಲಿ ಒಪ್ಪಿಕೊಂಡು, ಆಗಸ್ಟ್‌ನಲ್ಲಿ ಬಯೋಸ್ ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಅಷ್ಟರೊಳಗೆ ಸವೆದುಹೋದದ್ದನ್ನು ಆ ತಿದ್ದುಪಡಿ ವಾಸಿ ಮಾಡುವುದಿಲ್ಲ. ಈಗ ಅಂಥದೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವನು, ಅದು ಮೊದಲ ಮಾಲೀಕನ ಹತ್ತಿರ ಯಾವ ಬಯೋಸಿನಲ್ಲಿ ಎಷ್ಟು ದಿನ ಓಡಿತ್ತು ಅಂತ ಹೇಗೆ ತಿಳಿಯಬೇಕು? ಮೇಲಿನಿಂದ ನೋಡಿದರೆ ಎಲ್ಲವೂ ಹೊಳೆಯುವ ಲೋಹದ ಬಿಲ್ಲೆಗಳೇ.

ಅಣ್ಣನದು ಈ ಮಾದರಿ ಅಲ್ಲ. ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ, ನನ್ನ ತಕರಾರು ತಯಾರಿಸಿದವರ ಮೇಲಲ್ಲ.

ಸಿದ್ಧೇಶ್ವರ ಜಾತ್ರೆಗೆ ಅಂತ ವಿಜಯಪುರಕ್ಕೆ ಹೋದವನು ಮರುದಿನವೇ ತಿಕೋಟಾಕ್ಕೆ ಹೋದೆ. ಧನುರ್ಮಾಸದಲ್ಲಿ ಮದುವೆ ಇರಲಿಲ್ಲವಾದ್ದರಿಂದ ಮಷಿನ್ ಖಾಲಿ ಇತ್ತು. ಮೊದಲು ಮಾಡಬೇಕಾದ್ದನ್ನು ಮೊದಲು ಮಾಡಿದೆ. ಡಬ್ಬಿಯಲ್ಲಿದ್ದ ಹಳೇ ಪ್ರೊಸೆಸರನ್ನು ವಾಪಸ್ ಹಾಕಿ ರಾತ್ರಿಯೆಲ್ಲಾ ಟೆಸ್ಟ್ ಇಟ್ಟೆ. ಬೆಳಿಗ್ಗೆವರೆಗೂ ಒಂದೇ ಒಂದು ತಪ್ಪಿಲ್ಲ. ಮೂರು ವಾರದಲ್ಲಿ ಯಾರಿಗೂ, ಫೋನಿನಲ್ಲಿ ಬುದ್ಧಿ ಹೇಳಿದ ನನಗೂ, ಇದು ಹೊಳೆದಿರಲಿಲ್ಲ! ತೊಂದರೆ ಶುರುವಾದ ದಿನ ಏನು ಬದಲಾಗಿತ್ತೋ ಅದನ್ನು ಮೊದಲು ಹಿಂದಕ್ಕೆ ತಿರುಗಿಸಿ ನೋಡಬೇಕು. ಕೋಡ್ ಬರೆಯುವಾಗ ದಿನಾ ಮಾಡುವ ಕೆಲಸವೇ ಇದು.

ಆಮೇಲೆ ಎಂಟು ಕೋರಿನದನ್ನು ಮತ್ತೆ ಹಾಕಿ ಒಂದೊಂದನ್ನೇ ಬಿಡಿಸುತ್ತಾ ಹೋದೆ. ಬಯೋಸನ್ನು ಮೂಲ ಸೆಟ್ಟಿಂಗಿಗೆ ತಂದೆ, ರ‍್ಯಾಮಿನ ವೇಗ ಇಳಿಸಿದೆ. ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿತು, ರ‍್ಯಾಮು ಶುದ್ಧ. ಆಮೇಲೆ ಬಿಸಿ. ಹಳೇ ಪ್ರೊಸೆಸರು 65 ವ್ಯಾಟಿನದು, ಇದು 105 ವ್ಯಾಟಿನದು. ಆದರೆ ಮೇಲಿನ ಫ್ಯಾನು ಹಳೇ ಚಿಕ್ಕದೇ! ತಪಾಸಣೆಯಲ್ಲಿ 90 ಡಿಗ್ರಿ ಮುಟ್ಟುತ್ತಿತ್ತು. ಸಿಕ್ಕಿತು ಕಳ್ಳ ಅಂದುಕೊಂಡೆ. ಆದರೆ ಬಿಸಿಯಾದರೆ ಪ್ರೊಸೆಸರು ಮೊದಲು ತಾನೇ ವೇಗ ಇಳಿಸಿಕೊಳ್ಳುತ್ತದೆ, ಲೆಕ್ಕ ತಪ್ಪುವುದಿಲ್ಲ. ಬಯೋಸಿನಲ್ಲಿ 65 ವ್ಯಾಟಿಗೆ ಕಟ್ಟಿಹಾಕಿದೆ. ತಣ್ಣಗಾಯಿತು, ರೀಸ್ಟಾರ್ಟ್ ಮಾತ್ರ ನಿಲ್ಲಲಿಲ್ಲ.

ಕೊನೆಗೆ ವಿಂಡೋಸಿನ ಇವೆಂಟ್ ವ್ಯೂವರ್ ತೆಗೆದೆ. ಹಾರ್ಡ್‌ವೇರ್ ತಪ್ಪುಗಳು ಅಲ್ಲಿ ದಾಖಲಾಗುತ್ತವೆ. ಪ್ರತಿ ದಾಖಲೆಯಲ್ಲೂ ಒಂದು ನಂಬರು, 8 ಇಲ್ಲವೇ 9. ಈ ಪ್ರೊಸೆಸರಿನಲ್ಲಿ ಪ್ರತಿ ಕೋರಿಗೂ ಎರಡು ನಂಬರು. ಸೊನ್ನೆಯಿಂದ ಎಣಿಸಿದರೆ 8 ಮತ್ತು 9 ಐದನೇ ಕೋರು. ಕೋರ್‌ಸೈಕ್ಲರ್ ಅನ್ನೋ ಪುಕ್ಕಟೆ ಸ್ಕ್ರಿಪ್ಟ್ ಒಂದಿದೆ, ಒಂದು ಸಲಕ್ಕೆ ಒಂದೇ ಕೋರಿಗೆ ಪ್ರೈಮ್95 ಲೆಕ್ಕ ಕೊಟ್ಟು ಉತ್ತರ ತಾಳೆ ನೋಡುತ್ತದೆ. ಮೂರು ಸಲ ಓಡಿಸಿದೆ. ಮೂರೂ ಸಲ ಐದನೇ ಕೋರು ಐದು ನಿಮಿಷದೊಳಗೆ ಲೆಕ್ಕ ತಪ್ಪಿತು. ಉಳಿದ ಏಳೂ ಪಾಸು.

ಎಲ್ಲಾ ಕೋರನ್ನೂ ಒಟ್ಟಿಗೆ ದುಡಿಸುವ ಟೆಸ್ಟನ್ನು ಇದೇ ಪ್ರೊಸೆಸರು ಎಷ್ಟೋ ಸಲ ಪಾಸಾಗಿತ್ತು. ಕಾರಣ ಸರಳ. ಎಲ್ಲರೂ ದುಡಿಯುವಾಗ ಪ್ರತಿಯೊಬ್ಬರೂ ನಿಧಾನ. ಒಬ್ಬನೇ ದುಡಿಯುವಾಗ ಅವನಿಗೆ ಗರಿಷ್ಠ ವೇಗ, ಕುಂಟುವವನು ಬೀಳುವುದೇ ಆಗ. ರೆಂಡರಿನಲ್ಲಿ ಕೆಲಸ ಏರುತ್ತದೆ, ಇಳಿಯುತ್ತದೆ. ಆ ಇಳಿತದಲ್ಲಿ ಮಷಿನ್ ಬೀಳುತ್ತಿತ್ತು.

"ಅಂದ್ರ ಎಂಟು ಎತ್ತಿನ್ಯಾಗ ಒಂದು ಕುಂಟ ಎತ್ತು" ಅಂದ ಅಣ್ಣ. ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಣ್ಣನಿಗೆ ಒಂದು ಅಭ್ಯಾಸ. ಮದುವೆ ಮುಗಿದ ಮೇಲೆ ಶೂಟಿಂಗ್ ಫೈಲುಗಳನ್ನೆಲ್ಲ ರಾರ್ ಮಾಡಿ ಒಂದು ಕಟ್ಟಾಗಿಸಿ ಹಾರ್ಡ್ ಡಿಸ್ಕಿಗೆ ಹಾಕುತ್ತಾನೆ. ಮೂಲವನ್ನು ಅಳಿಸುತ್ತಾನೆ, ಕ್ಯಾಮೆರಾದ ಕಾರ್ಡು ಮುಂದಿನ ಮದುವೆಗೆ. ಆ ಮೂರು ವಾರದಲ್ಲಿ ಕಟ್ಟಿದ್ದು ಒಂಬತ್ತು ಕಟ್ಟು. ನಾನು ಸುಮ್ಮನೆ ಒಂದನ್ನು ಬಿಚ್ಚಿ ನೋಡೋಣ ಅಂದೆ. ಬಿಚ್ಚಿತು. ಇನ್ನೊಂದು, "ಸಿಆರ್‌ಸಿ ತಾಳೆಯಾಗುತ್ತಿಲ್ಲ." ಅಣ್ಣನ ಮುಖ ಬಿಳಿಚಿಕೊಂಡಿತು. ಒಂಬತ್ತರಲ್ಲಿ ಎರಡು ಕೆಟ್ಟಿದ್ದವು. ಒಂದರ ಕಾರ್ಡು ಇನ್ನೂ ಅಳಿಸಿರಲಿಲ್ಲ, ಬಚಾವ್. ಇನ್ನೊಂದು ಬಬಲೇಶ್ವರದ ಕಡೆಯ ಒಂದು ಮನೆಯ ಮದುವೆ. ಅಕ್ಷತೆಯ ಫೈಲು ಉಳಿದಿತ್ತು. ಹೋದದ್ದು ಹಿಂದಿನ ರಾತ್ರಿ ಮದುಮಗಳ ಅಜ್ಜಿ ಸೋಬಾನ ಪದ ಹಾಡಿದ ಫೈಲು.

"ರೊಕ್ಕದಾಗ ಐದು ಸಾವಿರ ಬಿಟ್ಟೆ. ಅವರೇನೂ ಅನಲಿಲ್ಲ. ಆದ್ರ ಆ ಹಾಡು ನಾ ಎಲ್ಲಿಂದ ತಂದು ಕೊಡ್ಲಿ?" ಅಂದ ಅಣ್ಣ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ರೊಸೆಸರು ಕೆಟ್ಟರೆ ಮಷಿನ್ ನಿಲ್ಲುತ್ತೆ ಅಂತ ನಾವೆಲ್ಲ ತಿಳಿದಿದ್ದೇವೆ. ನಿಂತರೆ ಪುಣ್ಯ. ನಿಲ್ಲದೇ ತಪ್ಪು ಲೆಕ್ಕ ಕೊಟ್ಟರೆ? ಫೇಸ್‌ಬುಕ್ಕಿನ ಇಂಜಿನಿಯರುಗಳು 2021ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರಲ್ಲಿ ಒತ್ತಿಟ್ಟ ಫೈಲುಗಳನ್ನು ಬಿಚ್ಚುವಾಗ ಕೆಲವು ಫೈಲು ಕಾಣೆಯಾಗುತ್ತಿದ್ದವು. ಬೆನ್ನು ಹತ್ತಿ ಹೋದರೆ ಸಿಕ್ಕಿದ್ದು ಒಂದು ಪ್ರೊಸೆಸರಿನ ಒಂದೇ ಒಂದು ಕೋರು. 1.1ರ 53ನೇ ಘಾತದ ಪೂರ್ಣಾಂಕ ಕೇಳಿದರೆ 156 ಬರಬೇಕು, ಆ ಕೋರು ಸೊನ್ನೆ ಅನ್ನುತ್ತಿತ್ತು. ಫೈಲಿನ ಗಾತ್ರ ಸೊನ್ನೆ ಅಂದಮೇಲೆ ಫೈಲೇ ಇಲ್ಲ! ಅದೇ ವರ್ಷ ಗೂಗಲ್‌ನವರೂ ಹೇಳಿದರು, ಹಲವು ಸಾವಿರ ಮಷಿನ್ನುಗಳಿಗೆ ಕೆಲವು ಇಂಥ ಕೋರುಗಳು ಸಿಗುತ್ತವೆ ಅಂತ. ಅವರ ಹತ್ತಿರ ಹಿಡಿಯಲಿಕ್ಕೆ ತಂಡಗಳಿವೆ. ತಿಕೋಟಾದ ಸ್ಟುಡಿಯೋದಲ್ಲಿ ಯಾರಿದ್ದಾರೆ?

ಮಾರಿದವನಿಗೆ ಫೋನ್ ಮಾಡಿದೆವು. "ಚೆಕ್ ಮಾಡೇ ಕೊಟ್ಟೀನ್ರೀ, ಆನ್ ಆಗಿತ್ತಲ್ಲ, ಬಯೋಸ್ ಬಂದಿತ್ತಲ್ಲ" ಅಂದ. ಸುಳ್ಳಲ್ಲ, ಬಂದಿತ್ತು. ಬಿಲ್ಲು ಇಲ್ಲ, ಫೋನಿನಿಂದ ಕಳಿಸಿದ ದುಡ್ಡಿನ ಮೆಸೇಜು ಮಾತ್ರ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಆ ಮಟ್ಟಿಗೆ ಅಣ್ಣ ಗ್ರಾಹಕನೇ. ಆದರೆ ಕಾಗದ ಬರೆಸಿಕೊಳ್ಳದವನು ಏನನ್ನು ಹಿಡಿದು ನಿಲ್ಲಬೇಕು?

ನನ್ನ ಆಫೀಸಿನ ಗೆಳೆಯರಿಗೆ ಈ ಕಥೆ ಹೇಳಿದರೆ, "ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇ ತಪ್ಪು, ಹೊಸದು ತಗೋಬೇಕಿತ್ತು" ಅಂದರು. ನಾನು ಒಪ್ಪುವುದಿಲ್ಲ. ನಾನು ಪ್ರೋಗ್ರಾಮ್ ಬರೆಯಲು ಕಲಿತದ್ದೇ ಯಾರೋ ಮಾರಿದ ಪೆಂಟಿಯಂ 4ರ ಮೇಲೆ. ನಮ್ಮ ಕಡೆಯ ಡಿಟಿಪಿ ಅಂಗಡಿ, ಝೆರಾಕ್ಸ್ ಅಂಗಡಿ, ಸ್ಟುಡಿಯೋಗಳಲ್ಲಿ ಎಷ್ಟೋ ಈ ಹಳೇ ಮಾಲಿನ ಮೇಲೆ ನಿಂತಿವೆ. ಚೆನ್ನಾಗಿರುವ ಪ್ರೊಸೆಸರು ಸಾಮಾನ್ಯವಾಗಿ ಹತ್ತು ವರ್ಷ ದಾಟಿ ಬಾಳುತ್ತದೆ. ಅದನ್ನು ಕಸಕ್ಕೆ ಹಾಕುವುದು ದುಡ್ಡಿಗೂ ದಂಡ, ಭೂಮಿಗೂ ದಂಡ. ಸೆಕೆಂಡ್ ಹ್ಯಾಂಡ್ ವ್ಯಾಪಾರ ಬೇಕು. ಆದರೆ "ಚೆಕ್ ಮಾಡೇವಿ" ಅನ್ನುವ ಮಾತಿಗೆ "ಆನ್ ಆಗುತ್ತೆ" ಅನ್ನುವುದಷ್ಟೇ ಅರ್ಥ ಆಗಬಾರದು.

ಎತ್ತು ಕೊಳ್ಳುವಾಗ ಜಾತ್ರೆಯಲ್ಲಿ ಏನು ಮಾಡುತ್ತೇವೆ? ನಿಂತದ್ದನ್ನು ನೋಡಿ ದುಡ್ಡು ಕೊಡುತ್ತೇವಾ? ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ. ಪ್ರೊಸೆಸರಿಗೂ ಅದೇ ಮಾಡಿ. ಎಲ್ಲಾ ಕೋರಿಗೆ ಅರ್ಧ ತಾಸು, ಆಮೇಲೆ ಒಂದೊಂದು ಕೋರಿಗೆ ಹತ್ತು ನಿಮಿಷ. ಎಂಟು ಕೋರಾದರೂ ಎರಡು ತಾಸಿನೊಳಗೆ ಮುಗಿಯುತ್ತದೆ. ರಾತ್ರಿ ಹಚ್ಚಿ ಹೋದರೆ ಇನ್ನೂ ಒಳ್ಳೇದು. ಆ ಫಲಿತಾಂಶದ ಫೋಟೋ, ಒಂದು ಬಿಲ್ಲು, ಏಳು ದಿನದ ವಾಪಸಾತಿ, ಇಷ್ಟನ್ನು ಮಾರುವವನು ಕೊಡಲಿ. ಅದಕ್ಕೆ ಇನ್ನೂರು ಮುನ್ನೂರು ಹೆಚ್ಚು ತಗೊಳ್ಳಲಿ, ಸಂತೋಷದಿಂದ ಕೊಡೋಣ.

ಟೆಕ್ನಿಷಿಯನ್ ಅವರನ್ನು ಬೈಯುವುದಕ್ಕೂ ಮನಸ್ಸಿಲ್ಲ. ವಿಂಡೋಸ್ ಹಾಕಿದರೆ ಐನೂರು ಕೊಡುತ್ತೇವೆ. ಎರಡು ತಾಸು ಕೂತು ಯೋಚಿಸಿ "ಏನೂ ಬದಲಾಯಿಸಬೇಡಿ, ಹಳೇದು ಹಾಕಿ ನೋಡೋಣ" ಅಂದರೆ ಏನು ಕೊಡುತ್ತೇವೆ? "ಏನೂ ಮಾಡಲೇ ಇಲ್ಲ, ಯಾಕ್ರೀ ರೊಕ್ಕ?" ಅನ್ನುತ್ತೇವೆ. ಯೋಚನೆಗೆ ದುಡ್ಡು ಕೊಡದವರಿಗೆ ವಿಂಡೋಸೇ ಸಿಗುತ್ತದೆ.

ಇನ್ನು ಕೊಳ್ಳುವವರಿಗೆ ಎರಡೇ ಮಾತು. ಹಳೇ ಪ್ರೊಸೆಸರನ್ನು ಒಂದು ತಿಂಗಳಾದರೂ ಮಾರಬೇಡಿ. ಮತ್ತು ಏನನ್ನೇ ಬದಲಾಯಿಸಿದರೂ, ಬೇರೊಂದು ಮಷಿನ್ನಿನಲ್ಲಿ ಬಿಚ್ಚಿ ನೋಡುವತನಕ ಮೂಲವನ್ನು ಅಳಿಸಬೇಡಿ. ದೊಡ್ಡಪ್ಪ ಗಿರಾಕಿಗೆ ಫೋಟೋ ತಲುಪಿದ ಮೇಲೂ ನೆಗೆಟಿವ್ ಎಸೆಯುತ್ತಿರಲಿಲ್ಲ. ಟ್ರಂಕಿನಲ್ಲಿ ಈಗಲೂ ಇವೆ.

ಹೊರಡುವ ದಿನ ಸ್ಟುಡಿಯೋಕ್ಕೆ ಬಂದ ಪರಿಚಯದವರೊಬ್ಬರು ಆ ಪ್ರೊಸೆಸರು ನೋಡಿ, "ಆರು ಸಾವಿರಕ್ಕ ನಾ ಮಾರಿಸಿ ಕೊಡ್ತೀನಿ, ಆನ್ ಅಂತೂ ಆಗ್ತೈತಲ್ಲ" ಅಂದರು. ಅಣ್ಣನಿಗೆ ಆಗ ಆರು ಸಾವಿರ ಸಣ್ಣದಾಗಿರಲಿಲ್ಲ. ಹೊಸ ಎಸ್‌ಎಂಪಿಎಸ್ಸು, ರ‍್ಯಾಮು, ಬಿಟ್ಟ ಐದು ಸಾವಿರ ಎಲ್ಲಾ ಸೇರಿ ಕೈ ಖಾಲಿ. ನಾನು ಸುಮ್ಮನಿದ್ದೆ. ನನಗೆ ಹೇಳುವ ಹಕ್ಕಿರಲಿಲ್ಲ.

ಅಣ್ಣ ಅದನ್ನು ಒಂದು ಲಕೋಟೆಗೆ ಹಾಕಿ, ಮೇಲೆ ಪೆನ್ನಿನಲ್ಲಿ "5ನೇ ಕೋರ್ ಕೆಟ್ಟೈತಿ, ಯಾರೂ ಹಾಕಬ್ಯಾಡ್ರಿ" ಅಂತ ಬರೆದು ನನ್ನ ಕೈಗೆ ಕೊಟ್ಟ. "ನಿಮ್ಮ ಬೆಂಗ್ಳೂರಾಗ ಕಂಪ್ಯೂಟರ್ ಕಸ ತಗೊಳ್ಳೋರು ಇರ್ತಾರಲ್ಲ, ಕೊಟ್ಟುಬಿಡು. ಇಲ್ಲಿದ್ರ ಒಂದಿಲ್ಲೊಂದು ದಿನ ನಂಗೇ ಆಸೆ ಬರ್ತೈತಿ."

ಆ ಲಕೋಟೆ ಈಗ ನನ್ನ ಟೇಬಲ್ ಮೇಲಿದೆ. ಈ ವಾರ ಕೊಟ್ಟು ಬರಬೇಕು. ನಮ್ಮ ಅಣ್ಣನಿಗಿಂತ ಮೊದಲು ಅದನ್ನು ಕೈಯಲ್ಲಿ ಹಿಡಿದವರು ಇಷ್ಟು ಬರೆದಿದ್ದರೆ ಸಾಕಿತ್ತು ಅನ್ನಿಸುತ್ತದೆ. ನೀವೇನಂತೀರಿ?